ಸಾಹೇಬರ ಪಾಲಿನ ನೀರು

ಇಂಗ್ಲೆಂಡಿನ ಆ ಹಳ್ಳಿಯನ್ನು ಕಣ್ಣಾರೆ ನೋಡುವ ಮೊದಲೇ ಅದರ ಅಳತೆ ನನಗೆ ಬಾಯಿಪಾಠವಾಗಿತ್ತು. ಬಸ್ಸು ನಿಲ್ಲುವ ಕಲ್ಲು ಸೇತುವೆಯಿಂದ ಚರ್ಚಿನ ಗೇಟಿಗೆ ನೂರ ಹತ್ತು ಹೆಜ್ಜೆ. ಅಲ್ಲಿಂದ ಎಡಕ್ಕೆ ತಿರುಗಿದರೆ ನೀಲಿ ಬಾಗಿಲಿನ ಮನೆಗೆ ನಲವತ್ತು. ಮನೆಯ ಹಿಂದಿನ ದಿಬ್ಬ ಹತ್ತಿದರೆ ಕುರಿ ಮೇಯುವ ಬಯಲು. ಆ ಬಯಲಿನಡಿ ಒಂದು ಊರು ಹೂತುಹೋಗಿದೆ. ಇಷ್ಟನ್ನೂ ನನಗೆ ಹೇಳಿದವರು ನಮ್ಮ ಸಾಹೇಬರು, ಕತಾರಿನ ಮರಳಿನಲ್ಲಿ ನಿಂತುಕೊಂಡು.

ದೋಹಾದಲ್ಲಿ ಭೂಮಿ ಅಳೆಯುವ ಒಂದು ಸಣ್ಣ ಕಂಪೆನಿಯಲ್ಲಿ ನಾವಿಬ್ಬರೂ ಹನ್ನೊಂದು ವರ್ಷ ಜೊತೆಗಿದ್ದೆವು. ಅವರು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಯಂತ್ರ ಇಟ್ಟು ಒಂದು ಕಣ್ಣು ಮುಚ್ಚಿ ನೋಡುವವರು. ನಾನು ದೂರದಲ್ಲಿ ಕನ್ನಡಿ ಕಟ್ಟಿದ ಕೋಲು ಹಿಡಿದು ನೆಟ್ಟಗೆ ನಿಲ್ಲುವವ. ಅಳತೆ ಸಿಕ್ಕಿದ ಕೂಡಲೇ ಅವರು ಬಲಗೈ ಎತ್ತುತ್ತಿದ್ದರು. ಕೈ ಮೇಲೆ ಹೋಗುವ ತನಕ ನಾನು ಕದಲುವ ಹಾಗಿಲ್ಲ. ನೊಣ ಮೂಗಿನ ಮೇಲೆ ಕೂತರೂ ಇಲ್ಲ. ಬಿಳಿ ಗಡ್ಡ, ಸುಟ್ಟು ಕೆಂಪಾದ ಕುತ್ತಿಗೆ, ತಲೆಗೆ ಬಟ್ಟೆಯ ಹಳೇ ಟೊಪ್ಪಿ. ಅವರ ಇಂಗ್ಲಿಷು ನನ್ನ ಕಿವಿಯಲ್ಲಿ ನಮ್ಮ ಕರಾವಳಿಯ ಕನ್ನಡವಾಗಿಯೇ ಉಳಿದುಬಿಟ್ಟಿದೆ. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ, ಬೇರೆ ರೀತಿ ನನಗೆ ಬಾರದು.

"ನಿಮ್ಮ ಊರಲ್ಲಿ ಎಂತ ಉಂಟು ಸರ್?" ಎಂದು ಮೊದಲ ವರ್ಷ ಕೇಳಿದ್ದೆ.

"ಮಳೆ ಉಂಟು, ಕುರಿ ಉಂಟು, ನನ್ನ ಅಕ್ಕ ಉಂಟು. ಮೂರರಲ್ಲಿ ಅಕ್ಕನಿಗೆ ಮಾತ್ರ ಹೆದರಬೇಕು."

ಅಲ್ ಖೋರ್ ಪಟ್ಟಣ ದಾಟಿ ಉತ್ತರಕ್ಕೆ ಹೋದರೆ ಸಮುದ್ರದ ಬದಿಯಲ್ಲಿ ಜನ ಬಿಟ್ಟುಹೋದ ಹಳ್ಳಿಗಳಿವೆ. ಮುತ್ತು ತೆಗೆಯುವವರೂ ಮೀನು ಹಿಡಿಯುವವರೂ ಬದುಕಿದ್ದ ಮನೆಗಳು. ಸಮುದ್ರದ ಕಲ್ಲಿನಲ್ಲಿ ಕಟ್ಟಿದ ಗೋಡೆಗಳು ಮೊಣಕಾಲೆತ್ತರಕ್ಕೆ ಇಳಿದಿವೆ. ಮಸೀದಿಯ ಒಂದು ಸಣ್ಣ ಗೋಪುರ ಮಾತ್ರ ಇನ್ನೂ ಯಾರನ್ನೋ ಕಾಯುವ ಹಾಗೆ ನಿಂತಿದೆ. ಅದರ ಸುತ್ತ ಬೇಲಿ ಹಾಕುವುದಕ್ಕೆ ಅಳತೆ ಬೇಕಿತ್ತು. ಆ ಜಾಗ ಸಾಹೇಬರಿಗೆ ತುಂಬ ಇಷ್ಟ. ಬಿದ್ದ ಬಾಗಿಲಿನೊಳಗೆ ಹೋಗುವಾಗಲೂ ತಲೆ ಬಗ್ಗಿಸುತ್ತಿದ್ದರು, ಮೇಲೆ ಚೌಕಟ್ಟೇ ಇಲ್ಲದಿದ್ದರೂ. "ನಮ್ಮಲ್ಲಿಯೂ ಹೀಗೇ ಒಂದು ಉಂಟು. ಅಲ್ಲಿ ಹುಲ್ಲು ಮುಚ್ಚಿದೆ, ಇಲ್ಲಿ ಮರಳು, ಅಷ್ಟೇ ವ್ಯತ್ಯಾಸ" ಎನ್ನುತ್ತಿದ್ದರು.

ಅವರು ತೀರಿಕೊಂಡದ್ದು ಅಲ್ಲಿಯೇ, ಒಂದು ಅಕ್ಟೋಬರಿನಲ್ಲಿ, ಬೆಳಗಿನ ಹನ್ನೊಂದು ದಾಟಿದ ಹೊತ್ತಿಗೆ.

"ನೀನು ಊಟ ಮಾಡು ಮಾರಾಯ. ನಾನು ಈ ಮೂಲೆ ಒಂದು ನೋಡಿ ಬರ್ತೇನೆ" ಎಂದರು. ಇನ್ನೂರು ಹೆಜ್ಜೆ ದೂರದಲ್ಲಿ ಪಿಕಪ್ಪು ನಿಲ್ಲಿಸಿದ್ದೆ. ಗಾಜು ಏರಿಸಿ, ಏಸಿ ಹಾಕಿ, ಹೆಂಡತಿ ಕಟ್ಟಿಕೊಟ್ಟ ಮೊಸರನ್ನಕ್ಕೆ ಮಾವಿನ ಮಿಡಿ ಹಚ್ಚಿಕೊಂಡು ನಿಧಾನವಾಗಿ ತಿಂದೆ. ಅರ್ಧ ಗಂಟೆ ಆಗಿರಬೇಕು. ನೀರಿನ ಬಾಟಲಿ ಎರಡೂ, ನನ್ನದೂ ಅವರದೂ, ನನ್ನ ಪಕ್ಕದ ಐಸ್ ಪೆಟ್ಟಿಗೆಯಲ್ಲಿದ್ದವು. ಅವರು ಕೂಗಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಗಾಜು ಏರಿಸಿತ್ತು.

ಹೋಗಿ ನೋಡುವಾಗ ಗೋಡೆಗೆ ಒರಗಿ ಕೂತಿದ್ದರು, ಟೊಪ್ಪಿ ತೊಡೆಯ ಮೇಲೆ. ಜೀವ ಹೋಗಿತ್ತು. ಅದು ನನಗೆ ಮುಟ್ಟಿದ ಕೂಡಲೇ ಗೊತ್ತಾಯಿತು. ಆದರೂ ನನ್ನ ಕೈ ತನ್ನಷ್ಟಕ್ಕೆ ಬಾಟಲಿಯ ಮುಚ್ಚಳ ತೆಗೆಯಿತು. ಬಾಯಿ ಒಣಗಿ ಯಾರೂ ಹೋಗಬಾರದು ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ನೆರೆಕರೆಯಲ್ಲಿ ಯಾರಿಗಾದರೂ ಕಷ್ಟ ಎಂದು ಸುದ್ದಿ ಬಂದರೆ ಸೆರಗಿನಲ್ಲಿ ಸಣ್ಣ ಚಮಚ ಕಟ್ಟಿಕೊಂಡೇ ಹೊರಡುತ್ತಿದ್ದರು. ನಾನು ಸಾಹೇಬರ ತುಟಿಗೆ ನೀರು ಬಿಟ್ಟೆ. ಅದು ಒಳಗೆ ಹೋಗಲಿಲ್ಲ. ಬಾಯಿಯ ಕೊನೆಯಿಂದ ಇಳಿದು, ಗಡ್ಡ ಒದ್ದೆ ಮಾಡಿ, ಮರಳಿಗೆ ಸೇರಿತು.

ಆಮೇಲೆ ಪೊಲೀಸರು, ಆಸ್ಪತ್ರೆ, ಕಾಗದಪತ್ರ. ಮೂರನೆಯ ದಿನ ಆಫೀಸಿಗೆ ಫೋನ್ ಬಂತು. ಅವರ ಅಕ್ಕ. ಮದುವೆಯಾಗದ ತಮ್ಮನಿಗೆ ಉಳಿದಿದ್ದ ಒಂದೇ ಒಂದು ಸಂಬಂಧ. ಜೊತೆಗಿದ್ದವರು ಯಾರೋ ಅವರ ಹತ್ತಿರ ಮಾತಾಡಬೇಕು ಎಂದರಂತೆ. ನನ್ನ ಕೈಗೆ ಫೋನ್ ಕೊಟ್ಟರು.

"ಅವನ ಹತ್ತಿರ ಯಾರಾದರೂ ಇದ್ದರಾ?"

"ನಾನಿದ್ದೆ ಮೇಡಂ. ನೀರು ಕೊಟ್ಟೆ."

ಅಷ್ಟು ಹೊತ್ತು ಗಟ್ಟಿಯಾಗಿದ್ದ ಆ ಧ್ವನಿ ಈಗ ಸಣ್ಣದಾಯಿತು. "ಕುಡಿದನಾ?"

"ಕುಡಿದರು" ಎಂದೆ.

ನಮ್ಮ ಕಡೆ ಹುಟ್ಟಿದ ಯಾರೇ ಆದರೂ ಹಾಗೆಯೇ ಹೇಳುತ್ತಿದ್ದರು ಎಂದು ಅಂದುಕೊಂಡಿದ್ದೇನೆ. ಒಡಹುಟ್ಟಿದವರಿಗೆ, ನಿಮ್ಮ ತಮ್ಮ ನೀರಿಲ್ಲದೆ ಹೋದರು ಎಂದು ಹೇಳಲಿಕ್ಕೆ ಬಾಯಿ ಹೇಗೆ ಬರಬೇಕು? ಆದರೆ ಆ ಒಂದು ಮಾತು ನನ್ನ ಮನೆಯೊಳಗೆ ಬಂದು ಕೂತಿತು. ದೋಹಾದ ಬಿನ್ ಮಹಮೂದ್ ಬಡಾವಣೆಯ ನಮ್ಮ ಹಳೇ ಫ್ಲಾಟಿನಲ್ಲಿ ನಾನು ದಿನಾ ಬೆಳಿಗ್ಗೆ ಎರಡು ಬಾಟಲಿ ತುಂಬುವುದನ್ನು ನಿಲ್ಲಿಸಲಿಲ್ಲ. ಸಂಜೆ ಒಂದು ಹಾಗೇ ತುಂಬಿಕೊಂಡು ವಾಪಸು ಬರುತ್ತಿತ್ತು. ಹೆಂಡತಿ ಅದನ್ನು ತುಳಸಿಯ ಕುಂಡಕ್ಕೆ ಹೊಯ್ಯುತ್ತಿದ್ದಳು. ಇನ್ನೂ ಕೆಟ್ಟದ್ದು ಬೇರೆ ಇತ್ತು: ಆ ದಿನದ ಬಗ್ಗೆ ನನ್ನೊಳಗೆ ಎರಡು ನೆನಪು ಬೆಳೆದವು. ಒಂದರಲ್ಲಿ ನಾನು ಮೊಸರನ್ನ ತಿನ್ನುತ್ತಿದ್ದೇನೆ. ಇನ್ನೊಂದರಲ್ಲಿ ಅವರ ತಲೆ ನನ್ನ ತೋಳಿನ ಮೇಲಿದೆ, ಅವರು ಗುಟುಕರಿಸುತ್ತಿದ್ದಾರೆ, ಗಂಟಲು ಮೇಲೆ ಕೆಳಗೆ ಆಡುತ್ತಿದೆ. ವರ್ಷ ಹೋದ ಹಾಗೆ ಎರಡನೆಯದೇ ಸ್ಪಷ್ಟವಾಗುತ್ತ ಬಂತು.

ಹೆಂಡತಿಗೆ ಎಲ್ಲ ಹೇಳಿದ್ದೆ. "ಒಂದು ಲೋಟ ನೀರು ಅವರ ಹೆಸರಲ್ಲಿ ಇಡುವನಾ?" ಎಂದೂ ಕೇಳಿದ್ದೆ. ನಮ್ಮಲ್ಲಿ ಸತ್ತವರ ತಲೆಯಿದ್ದ ಜಾಗದಲ್ಲಿ ದೀಪ ಹಚ್ಚಿ, ಒಂದು ಲೋಟ ನೀರು ಇಡುವುದುಂಟು. ಬೆಳಿಗ್ಗೆ ಎದ್ದು ಅಜ್ಜಿ ಬೆರಳು ಹಿಡಿದು ಅಳೆಯುತ್ತಿದ್ದರು. ಒಂದು ಬೆರಳು ಇಳಿದರೆ ಹೋದವರು ಬಂದು ಕುಡಿದರು ಎಂದು ಲೆಕ್ಕ.

"ಅದು ನಾವು ಇಡುವ ಹಾಗಿಲ್ಲ" ಎಂದಳು. "ಅವರ ನೀರು ಅವರ ಮನೆಯವರು ಇಡಬೇಕು. ಇಲ್ಲದಿದ್ದರೆ ಮನೆಯವರೇ ಒಪ್ಪಿ ನಮ್ಮ ಕೈಗೆ ಕೊಡಬೇಕು. ಸುಮ್ಮನೆ ಕರೆದರೆ ಬಂದವರು ಎಲ್ಲಿಗೆ ಹೋಗಬೇಕು, ನೀವೇ ಹೇಳಿ."

ಪ್ರತಿ ಡಿಸೆಂಬರಿನಲ್ಲಿ ಅಕ್ಕನಿಂದ ಒಂದು ಕಾರ್ಡು ಬರುತ್ತಿತ್ತು, ಹಿಮ ಬಿದ್ದ ಅದೇ ಚರ್ಚಿನ ಚಿತ್ರ. ಒಳಗೆ ಒಂದೇ ಸಾಲು: ಒಮ್ಮೆ ಬನ್ನಿ, ನನಗೆ ವಯಸ್ಸಾಗುತ್ತಿದೆ. ಎಂಟು ಕಾರ್ಡು ಬಂದ ಮೇಲೆ ಹೆಂಡತಿ ಅವನ್ನೆಲ್ಲ ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟಳು. "ಹೋಗಿ ಹೇಳಿ ಬನ್ನಿ ಮಾರಾಯ್ರೆ. ಆ ಹೆಂಗಸು ಬದುಕಿರುವಾಗ ಹೇಳಿದರೆ ಬೈತಾರೆ. ಸತ್ತ ಮೇಲೆ ನೀವು ಯಾರಿಗೆ ಹೇಳ್ತೀರಿ, ಈ ತುಳಸಿಗಾ?"

ಅಕ್ಕನೇ ಕರೆಯೋಲೆ ಬರೆದು ಕಳಿಸಿದರು, ವೀಸಾ ಆಯಿತು. ಜೂನ್ ತಿಂಗಳಿನಲ್ಲಿ, ದೋಹಾ ಕಾದ ಕಾವಲಿಯಾಗಿದ್ದಾಗ, ನಾನೊಬ್ಬನೇ ಹೊರಟೆ.

ಬಸ್ಸಿಳಿದು ಸೇತುವೆಯಿಂದ ಹೆಜ್ಜೆ ಎಣಿಸಿದೆ. ಚರ್ಚಿನ ಗೇಟಿಗೆ ನೂರ ಇಪ್ಪತ್ತಾರಾಯಿತು. ಸಾಹೇಬರ ಕಾಲು ಉದ್ದ, ನನ್ನದು ಗಿಡ್ಡ. ಉಳಿದದ್ದೆಲ್ಲ ಅವರು ಹೇಳಿದ ಹಾಗೆಯೇ ಇತ್ತು. ಅದೇ ನನಗೆ ಭಯ ತರಿಸಿದ್ದು. ಮುರುಕು ಗಿರಣಿಯ ಚಕ್ರಕ್ಕೆ ಹಸಿರು ಪಾಚಿ. ಗೋಡೆಯ ಮೇಲೆ ಮಲಗಿದ ಕಿತ್ತಳೆ ಬಣ್ಣದ ಬೆಕ್ಕು. ಅವರು ಹೇಳಿದ ಬೆಕ್ಕು ಸತ್ತು ಎಷ್ಟು ಕಾಲವಾಯಿತೋ, ಇದು ಅದರ ಮರಿಯ ಮರಿ ಇರಬೇಕು. ತಡವಾಗಿಯೇ ಹೊಡೆಯುವ ಚರ್ಚಿನ ಗಡಿಯಾರ. ನನ್ನ ಫೋನಿನಲ್ಲಿ ಹನ್ನೊಂದು ಕಳೆದು ಐದು ನಿಮಿಷ ಆದಾಗ ಅದು ಹನ್ನೊಂದು ಹೊಡೆಯಿತು. ಗುರುತಿಲ್ಲದ ಊರಿನಲ್ಲಿ ನಾನು ದಾರಿ ಕೇಳದೆ ನಡೆದೆ. ಸಾಹೇಬರ ಕಾಲಿಗೆ ನನ್ನ ಚಪ್ಪಲಿ ಹಾಕಿ ಯಾರೋ ನಡೆಸುತ್ತಿದ್ದಾರೆ ಅನ್ನಿಸಿತು.

ನೀಲಿ ಬಾಗಿಲು ತೆರೆದ ಅಕ್ಕನಿಗೆ ಎಂಬತ್ತು ದಾಟಿತ್ತು. ಶಾಲೆಯಲ್ಲಿ ಮಕ್ಕಳಿಗೆ ಚರಿತ್ರೆ ಕಲಿಸಿ ನಿವೃತ್ತರಾದವರು. ಅದೇ ಕೆಂಪು ಕುತ್ತಿಗೆ, ಅದೇ ಒಂದು ಕಣ್ಣು ಸಣ್ಣ ಮಾಡಿ ನೋಡುವ ಅಭ್ಯಾಸ. ನನ್ನ ಚೀಲವನ್ನು ಮೆಟ್ಟಿಲ ಬುಡದಲ್ಲಿ ಇಡಿಸಿದರು. ಹಾಲು ಹಾಕಿದ ಚಹಾ ಕೊಟ್ಟರು. ನಮ್ಮಲ್ಲಿ ಬಂದವರಿಗೆ ಮೊದಲು ನೀರು, ಜೊತೆಗೆ ಒಂದು ತುಂಡು ಬೆಲ್ಲ. ನನಗೆ ಗಂಟಲು ಒಣಗಿ ಹೋಗಿತ್ತು, ಆದರೆ ಕೇಳಿ ಪಡೆಯುವುದು ಸರಿಯಲ್ಲ ಎಂದು ಸುಮ್ಮನಿದ್ದೆ.

"ಮಧ್ಯಾಹ್ನ ಮಳೆ ಬರುತ್ತದೆ. ಈಗಲೇ ಊರು ನೋಡಿ ಬರುವ" ಎಂದು ಅವರು ಕೋಲು ತೆಗೆದುಕೊಂಡರು. "ಇಲ್ಲಿಗೆ ಬಂದವರಿಗೆಲ್ಲ ಊರು ತೋರಿಸುವುದು ನಾನೇ. ನನ್ನ ಮಾತು ಮುಗಿಯುವ ತನಕ ಪ್ರಶ್ನೆ ಕೇಳಬಾರದು."

ಸಾಹೇಬರು ಹೇಳಿದ್ದು ನಿಜ, ಮಳೆಗೂ ಕುರಿಗೂ ಹೆದರಬೇಕಾಗಿರಲಿಲ್ಲ.

ಮೊದಲು ನದಿಯ ಆಚೆ ಪಾಳುಬಿದ್ದ ಸನ್ಯಾಸಿಗಳ ಮಠ. ಛಾವಣಿ ಇಲ್ಲ. ಎತ್ತರದ ಕಮಾನುಗಳ ನಡುವೆ ಕಾಗೆಯ ಜಾತಿಯ ಕರಿ ಹಕ್ಕಿಗಳು ಮನೆ ಮಾಡಿದ್ದವು. ಹಿಂದಿನ ಕಾಲದ ರಾಜನೊಬ್ಬ ಮಠವನ್ನು ಮುಚ್ಚಿಸಿದ ಮೇಲೆ ಊರವರೆಲ್ಲ ಅದರ ಕಲ್ಲು ಹೊತ್ತುಕೊಂಡು ಹೋಗಿ ಮನೆ ಕಟ್ಟಿದರಂತೆ. "ನನ್ನ ಅಡುಗೆಮನೆಯ ಗೋಡೆಯಲ್ಲಿ ಒಬ್ಬ ದೇವದೂತನ ಅರ್ಧ ಮುಖ ಉಂಟು. ಸಣ್ಣವನಿದ್ದಾಗ ನನ್ನ ತಮ್ಮ ಅದಕ್ಕೆ ಗಂಜಿ ತಿನ್ನಿಸಲಿಕ್ಕೆ ಹೋಗುತ್ತಿದ್ದ" ಎಂದರು ಅಕ್ಕ.

ಚರ್ಚಿನ ಅಂಗಳದಲ್ಲಿ ಹೂವಿಗೆ ನೀರು ಹಾಕುತ್ತಿದ್ದ ನೆರೆಮನೆಯ ಹೆಂಗಸೊಬ್ಬರು ಸಿಕ್ಕರು. ಅಕ್ಕ ನನ್ನ ತೋಳು ಹಿಡಿದು ಅವರ ಮುಂದೆ ನಿಲ್ಲಿಸಿದರು. "ಇವರೇ. ಅವನಿಗೆ ನೀರು ಕೊಟ್ಟವರು."

ಆ ಹೆಂಗಸು ನೀರಿನ ಕ್ಯಾನು ಕೆಳಗಿಟ್ಟು ಎರಡೂ ಕೈಯಲ್ಲಿ ನನ್ನ ಕೈ ಹಿಡಿದುಕೊಂಡರು. ಊರಿಗೇ ಗೊತ್ತಿತ್ತು. ಅಂಚೆಯವನಿಗೂ ಬ್ರೆಡ್ಡಿನ ಅಂಗಡಿಯವರಿಗೂ ನಾನು ಯಾರೆಂದು ಗೊತ್ತಿತ್ತು. ದೋಹಾದಿಂದ ಪೆಟ್ಟಿಗೆಯಲ್ಲಿ ಬಂದ ಸಾಹೇಬರನ್ನು ಆ ಅಂಗಳದಲ್ಲಿಯೇ ಮಣ್ಣು ಮಾಡಿದ್ದರು. ಸಮಾಧಿಯ ಕಲ್ಲು ಸಣ್ಣದು, ಅದರ ಬುಡದಲ್ಲಿ ಹುಲ್ಲು ಚೆಂದಕ್ಕೆ ಕತ್ತರಿಸಿತ್ತು. ಈಗ ಹೇಳಬೇಕು ಎಂದು ಬಾಯಿ ತೆರೆದೆ. "ಮೇಡಂ, ಆ ದಿನ..." ಎಂದೆ.

"ನನ್ನ ಮಾತು ಇನ್ನೂ ಮುಗಿದಿಲ್ಲ" ಎಂದು ಅವರು ಮುಂದೆ ಹೊರಟರು. ನನಗೆ ಅದೇ ಬೇಕಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ದಿಬ್ಬ ಹತ್ತಿ ಆ ಬಯಲಿಗೆ ಬಂದೆವು. ಮೊದಲು ಏನೂ ಕಾಣಲಿಲ್ಲ, ಹುಲ್ಲು ಮತ್ತು ಕುರಿ. ಮೋಡದ ಸಂದಿಯಿಂದ ಬಿಸಿಲು ಓರೆಯಾಗಿ ಬಿದ್ದಾಗ ನೆಲ ಎದ್ದುಬಂತು. ಉಬ್ಬಿದ ಗೆರೆಗಳು ಗೋಡೆಗಳಾಗಿದ್ದವು, ತಗ್ಗು ಬೀದಿಯಾಗಿತ್ತು, ಒಂದು ಗುಂಡಿ ಕೆರೆಯಾಗಿದ್ದಿರಬೇಕು. ಚಾದರದಡಿ ಮಲಗಿದವರ ಮೈಯ ಹಾಗೆ ಒಂದು ಪೂರ್ತಿ ಊರು. ಉತ್ತರ ಕತಾರಿನ ಆ ಹಳ್ಳಿಗೂ ಹೀಗೆಯೇ ಒಂದೇ ಬೀದಿ, ಬೀದಿಯ ಕೊನೆಗೆ ನೀರು.

"ಜನ ಎಲ್ಲಿಗೆ ಹೋದರು?"

"ಜಮೀನಿನ ಒಡೆಯನಿಗೆ ಕುರಿ ಬೇಕಿತ್ತು, ಜನ ಬೇಡವಾಗಿತ್ತು. ಎಲ್ಲಿಗೆ ಹೋದರು ಅಂತ ಯಾರೂ ಬರೆದಿಡಲಿಲ್ಲ."

ಅವರು ಕೋಲೂರಿಕೊಂಡು ಮುಂದೆ ನಡೆದರು. ನಾನು ಒಂದು ಮನೆಯ ಮೂಲೆಯಾಗಿದ್ದ ಉಬ್ಬಿನ ಮೇಲೆ ನಿಂತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಗೊತ್ತಾಯಿತು: ನಾನು ಬರೀ ನಿಂತಿರಲಿಲ್ಲ. ಬೆನ್ನು ನೆಟ್ಟಗೆ, ಬಲಗೈ ಮುಷ್ಟಿಯಾಗಿ ಎದೆಯ ಮುಂದೆ, ಇಲ್ಲದ ಕೋಲನ್ನು ಹಿಡಿದುಕೊಂಡಿದ್ದೆ. ಕಣ್ಣು ಬಯಲಿನ ಆಚೆ ಅಂಚನ್ನು ನೋಡುತ್ತಿತ್ತು. ಅಲ್ಲಿ ಯಾರಾದರೂ ಕೈ ಎತ್ತಿದರೆ ಮಾತ್ರ ನಾನು ಕದಲಬಹುದಿತ್ತು. ಒಂದು ಕುರಿ ಕೆಮ್ಮಿತು, ಮನುಷ್ಯರು ಕೆಮ್ಮುವ ಹಾಗೆಯೇ. ಅಷ್ಟರಲ್ಲಿ ಮಳೆಯ ಮೊದಲ ಹನಿ ಬಿತ್ತು, ಅಕ್ಕ ಹಿಂದೆ ತಿರುಗಿ ಕೂಗಿದರು.

ಮನೆಗೆ ಬಂದಾಗ ನಾಲ್ಕು ಗಂಟೆ. "ಮೇಲೆ ಎಡಗಡೆಯದು ನಿಮ್ಮ ಕೋಣೆ. ಅವನು ಹುಡುಗನಾಗಿದ್ದಾಗ ಅವನದ್ದೇ. ಟವಲು ತರುತ್ತೇನೆ" ಎಂದರು.

ತಗ್ಗಿನ ಕೋಣೆ, ಕಿರಿದಾದ ಮಂಚ, ಬಯಲಿನ ಕಡೆಗೆ ಒಂದು ಕಿಟಕಿ. ಕಿಟಕಿಯ ಕಲ್ಲಿನ ಮೇಲೆ ಗಾಜಿನ ಲೋಟದ ತುಂಬ ನೀರು, ಮೇಲೊಂದು ಸಾಸರು ಮುಚ್ಚಿತ್ತು. ನನ್ನ ಜೀವ ಹಗುರಾಯಿತು. ನೋಡಿ, ಇವರಲ್ಲಿಯೂ ಬಂದವರಿಗೆ ನೀರಿಡುತ್ತಾರೆ, ನಾನೇ ತಪ್ಪು ತಿಳಿದೆ, ಬೆಲ್ಲ ಒಂದು ಇಲ್ಲ ಅಷ್ಟೇ ಎಂದುಕೊಂಡು ಸಾಸರು ತೆಗೆದು, ನಿಂತಲ್ಲೇ ಒಂದೇ ಉಸಿರಿಗೆ ಕುಡಿದೆ. ಲೋಟ ಮತ್ತೆ ಅಲ್ಲಿಯೇ ಇಟ್ಟು, ಕೈ ತೊಳೆಯಲಿಕ್ಕೆ ಬಚ್ಚಲಿಗೆ ಹೋದೆ.

ವಾಪಸು ಬರುವಾಗ ಅಕ್ಕ ಕಿಟಕಿಯ ಹತ್ತಿರ ನಿಂತಿದ್ದರು. ಟವಲು ನೆಲಕ್ಕೆ ಬಿದ್ದಿತ್ತು. ಎರಡು ಕೈಯಲ್ಲೂ ಖಾಲಿ ಲೋಟ. ನನ್ನ ಕಡೆ ತಿರುಗಿದ ಮುಖದಲ್ಲಿ ಎಂಬತ್ತು ವರ್ಷ ಇರಲಿಲ್ಲ, ಹತ್ತು ವರ್ಷದ ಹುಡುಗಿಯೊಬ್ಬಳಿದ್ದಳು.

"ಕುಡಿದನಾ?" ಎಂದರು.

ಅದೇ ಪ್ರಶ್ನೆ, ಅದೇ ಸಣ್ಣ ಧ್ವನಿ. ಎಂಟು ವರ್ಷದ ಹಿಂದೆ ಫೋನಿನಲ್ಲಿ ಕೇಳಿದ್ದು. ನನಗೆ ಆಗ ತಿಳಿಯಿತು, ಆ ನೀರು ನನಗೆ ಇಟ್ಟದ್ದಲ್ಲ. ನಮ್ಮ ಅಜ್ಜಿ ಇದ್ದಿದ್ದರೆ ಬಾಗಿಲಲ್ಲೇ ಕಂಡು ಹಿಡಿಯುತ್ತಿದ್ದರು. ಇನ್ನೊಮ್ಮೆ ಹೌದು ಎಂದರೆ ಆಗಿಹೋಗುತ್ತಿತ್ತು. ಅವರು ಆ ಸಂತೋಷದಲ್ಲೇ ಉಳಿದ ದಿನ ಕಳೆಯುತ್ತಿದ್ದರು. ನಾಲಿಗೆಯ ತುದಿಗೆ ಬಂದಿತ್ತು.

"ಇಲ್ಲ ಮೇಡಂ. ನಾನು ಕುಡಿದೆ" ಎಂದೆ. "ಅವತ್ತೂ ಅವರು ಕುಡಿಯಲಿಲ್ಲ."

ಅವರು ಮಂಚದ ಮೇಲೆ ಕೂತರು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಇನ್ನೂರು ಹೆಜ್ಜೆ, ಏರಿಸಿದ ಗಾಜು, ಐಸ್ ಪೆಟ್ಟಿಗೆಯೊಳಗಿನ ಎರಡು ಬಾಟಲಿ, ಗಡ್ಡದಿಂದ ಮರಳಿಗಿಳಿದ ನೀರು. ಅವರು ಅಳಲಿಲ್ಲ. ಪರೀಕ್ಷೆಯ ಕಾಗದ ತಿದ್ದುವವರ ಹಾಗೆ ಒಂದೊಂದಾಗಿ ಕೇಳಿದರು.

"ಏನು ತಿನ್ನುತ್ತಿದ್ದಿರಿ?"

"ಮೊಸರನ್ನ."

"ಅವನ ಕಣ್ಣು?"

"ತೆರೆದಿತ್ತು. ಸಮುದ್ರದ ಕಡೆಗಿತ್ತು."

"ಟೊಪ್ಪಿ?"

"ತೊಡೆಯ ಮೇಲೆ."

ಹೊರಗೆ ಮಳೆ ಹೊಯ್ಯುತ್ತಿತ್ತು. ಅವರು ಕಿಟಕಿಯ ಕಡೆ ನೋಡಿ ಹೇಳಿದರು: "ಸಣ್ಣವನಿದ್ದಾಗ ಅವನಿಗೆ ಏಳುವಾಗೆಲ್ಲ ಬಾಯಾರಿಕೆ. ಅಮ್ಮ ಆ ಕಿಟಕಿಯಲ್ಲಿ ಲೋಟ ಇಡುತ್ತಿದ್ದಳು. ಬಿಸಿಲಿನಲ್ಲಿ ಸತ್ತ ಅಂತ ತಿಳಿದ ದಿನದಿಂದ ನಾನು ಇಟ್ಟೆ. ದಿನಾ ಬೆಳಿಗ್ಗೆ ಬದಲಾಯಿಸುತ್ತೇನೆ. ಎಂಟು ವರ್ಷದಲ್ಲಿ ಒಂದು ದಿನವೂ ಕಡಿಮೆಯಾಗಿಲ್ಲ. ನೀವು ಕೊಟ್ಟದ್ದನ್ನು ಕುಡಿದಿದ್ದಾನೆ, ತೃಪ್ತಿಯಾಗಿದೆ, ಅದಕ್ಕೇ ಮುಟ್ಟುವುದಿಲ್ಲ ಅಂದುಕೊಂಡಿದ್ದೆ." ಲೋಟವನ್ನು ತಿರುಗಿಸಿ ನೋಡಿದರು. "ಅಲ್ಲ. ಮೈ ಮಾತ್ರ ಬಂದದ್ದು, ಅವನು ಇಲ್ಲಿಗೆ ಬಂದೇ ಇಲ್ಲ."

ನಾನು ಬಗ್ಗಿ ನೆಲದ ಮೇಲಿನ ಟವಲು ಎತ್ತಿದೆ.

"ನಿಮ್ಮ ಮೇಲೆ ನನಗೆ ಸಿಟ್ಟಿದೆ" ಎಂದರು. "ನಾಳೆಯೂ ಇರುತ್ತದೆ. ಕೆಳಗೆ ಬನ್ನಿ, ಊಟಕ್ಕೆ ಆಲೂಗಡ್ಡೆ ಮಾತ್ರ."

ಅಲ್ಲಿ ಜೂನಿನಲ್ಲಿ ಊಟ ಮುಗಿದ ಮೇಲೂ ಹಗಲು ಹೋಗುವುದಿಲ್ಲ. ನಾವಿಬ್ಬರೂ ದೇವದೂತನ ಅರ್ಧ ಮುಖದ ಕೆಳಗೆ ಕೂತು ತಿಂದೆವು. ಬೆಳಿಗ್ಗೆ ನಾನು ಹೊರಡುವಾಗ ಅವರು ಬಾಗಿಲಲ್ಲಿ ಒಂದು ಪೊಟ್ಟಣ ಕೊಟ್ಟರು. ಉಣ್ಣೆಯ ಕಾಲುಚೀಲದೊಳಗೆ ಸುತ್ತಿದ ಆ ಲೋಟ.

"ಅವನು ಎಲ್ಲಿದ್ದಾನೋ ಅಲ್ಲಿಡಿ" ಎಂದರು. "ಆಮೇಲೆ ಏನಾಯಿತು ಅಂತ ನನಗೆ ಹೇಳಿ. ಆದದ್ದನ್ನೇ ಹೇಳಬೇಕು."

ದೋಹಾಕ್ಕೆ ವಾಪಸು ಬಂದಾಗ ಹೆಂಡತಿ ಲೋಟವನ್ನು ಬೆಳಕಿಗೆ ಹಿಡಿದು ನೋಡಿದಳು. "ಅವರೇ ಕೊಟ್ಟರಾ, ನೀವು ಕೇಳಿದ್ದಾ?"

"ಅವರೇ ಕೊಟ್ಟರು."

"ಹಾಗಾದರೆ ಆಯ್ತು" ಎಂದು ತೊಳೆದು ಕೊಟ್ಟಳು.

ಮುಂದಿನ ಶುಕ್ರವಾರ ಅಲ್ ಖೋರ್ ದಾಟಿ ಒಬ್ಬನೇ ಹೋದೆ. ಬೇಲಿ ಬಂದಿದೆ, ಆದರೆ ಸಮುದ್ರದ ಬದಿಯಿಂದ ದಾರಿ ಇದೆ. ಅಲ್ಲಿ ಬೇಲಿ ಬರುವುದಿಲ್ಲವೆಂದು ಅಳೆದದ್ದು ನಾವೇ. ಅದೇ ಗೋಡೆಯ ಬುಡದ ಕಲ್ಲಿನ ಮೇಲೆ ಲೋಟ ಇಟ್ಟು ಕಂಠಮಟ್ಟ ತುಂಬಿಸಿದೆ. ಸತ್ತವರು ಕುಡಿಯುವಾಗ ನೋಡಬಾರದು, ಅಜ್ಜಿ ಬಾಗಿಲು ಎಳೆದುಕೊಳ್ಳುತ್ತಿದ್ದರು. ಇಲ್ಲಿ ಬಾಗಿಲಿಲ್ಲ. ಬೆನ್ನು ಹಾಕಿ ನಿಂತೆ. ಕಾರಿನೊಳಗೆ ಕೂರಲಿಲ್ಲ. ಅವತ್ತು ನಾನು ಊಟಕ್ಕೆ ತೆಗೆದುಕೊಂಡಷ್ಟೇ ಹೊತ್ತು, ಅರ್ಧ ಗಂಟೆ, ಬಿಸಿಲಿನಲ್ಲಿ ನೆಟ್ಟಗೆ ನಿಂತೆ. ಗೋಪುರದ ನೆರಳು ಕಾಲ ಬಳಿ ಸ್ವಲ್ಪ ಸರಿಯಿತು. ಹಿಂದಿನಿಂದ ಸದ್ದೇನೂ ಬರಲಿಲ್ಲ. ಒಂದು ಸಲ ಮಾತ್ರ, ಯಾರೋ ದೂರದಲ್ಲಿ ಕೈ ಎತ್ತಿದರೆ ಗೊತ್ತಾಗುವುದಲ್ಲ, ಹಾಗೆ ಬೆನ್ನಿಗೆ ಗೊತ್ತಾಯಿತು. ತಿರುಗಿದೆ.

ಬೆರಳು ಹಿಡಿದು ಅಳೆದೆ. ಸಂಜೆ ಮನೆಗೆ ಬಂದು ಫೋನ್ ಮಾಡಿದೆ.

"ಕುಡಿದನಾ?" ಎಂದರು ಅಕ್ಕ.

"ಒಂದು ಬೆರಳು ಇಳಿದಿತ್ತು ಮೇಡಂ. ಬಿಸಿಲು ಜೋರಿತ್ತು, ಗಾಳಿಯೂ ಇತ್ತು. ಅರ್ಧ ಗಂಟೆಯಲ್ಲಿ ಬಿಸಿಲಿಗೆ ಅಷ್ಟು ಹೋಗುತ್ತದಾ ಅಂತ ನನಗೆ ಗೊತ್ತಿಲ್ಲ. ಯಾರು ಕುಡಿದದ್ದು ಅಂತಲೂ ಗೊತ್ತಿಲ್ಲ."

ಅವರ ಹಿಂದೆ ಚರ್ಚಿನ ಗಡಿಯಾರ, ಯಾವತ್ತಿನಂತೆ ತಡವಾಗಿ, ಹೊಡೆಯಲು ಶುರು ಮಾಡಿತು. ಅದು ಮುಗಿಯುವ ತನಕ ಇಬ್ಬರೂ ಕಾದೆವು.

"ಸರಿ" ಎಂದರು. "ಮುಂದಿನ ಶುಕ್ರವಾರವೂ ಇಡಿ."